ಐದು ಡಯಾಲಿಸಿಸ್ ಯಂತ್ರ, ಕಾಯುತ್ತಿರುವವರು ಎಂಟು ಜನ: ಯಾರಿಗೆ ಮೊದಲು?

ಡಯಾಲಿಸಿಸ್ ಯಂತ್ರ ಒಂದೇ ಖಾಲಿ ಇದ್ದು, 70 ವರ್ಷದ ಅಜ್ಜ ಮತ್ತು ಮೂರು ಮಕ್ಕಳಿರುವ 32ರ ತಂದೆ ಇಬ್ಬರೂ ಬಂದರೆ ಯಾರಿಗೆ ಕೊಡುವುದು ನ್ಯಾಯ ಎಂದು ಕೇಳಿದ್ದೀರಿ. ಮಕ್ಕಳ ಮುಖ ನೋಡಿಯಾದರೂ ತಂದೆಗೇ ಕೊಡಬೇಕಲ್ಲವೇ ಎಂದೂ ಸೇರಿಸಿದ್ದೀರಿ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷದಿಂದ ಡಯಾಲಿಸಿಸ್ ಟೆಕ್ನಿಷಿಯನ್. ಮಕ್ಕಳೆಷ್ಟು, ದುಡಿಮೆಯೆಷ್ಟು ಎಂದು ಎಣಿಸಿ ಯಂತ್ರ ಕೊಡಬಾರದು ಅಂತಲೇ ನಾನು ಹೇಳುವುದು.

ಹಾಗೆ ಎಣಿಸಿ ನೋಡಿದವರಿದ್ದಾರೆ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿನ ರಕ್ತನಾಳಕ್ಕೆ ಜೋಡಿಸಿ ಹಾಗೇ ಬಿಡಬಹುದಾದ ಟೆಫ್ಲಾನ್ ಕೊಳವೆ ರೂಪಿಸಿದರು. ಅಲ್ಲಿಯವರೆಗೆ ಪ್ರತಿ ಸಲವೂ ಹೊಸದಾಗಿ ರಕ್ತನಾಳ ಕುಯ್ಯಬೇಕಿತ್ತು, ಕೆಲವು ಸಲ ಮಾಡುವಷ್ಟರಲ್ಲಿ ಜಾಗವೇ ಉಳಿಯುತ್ತಿರಲಿಲ್ಲ. ಹೊಸ ಕೊಳವೆಯಿಂದ ಕಿಡ್ನಿ ಪೂರ್ತಿ ಹೋದವರನ್ನೂ ವರ್ಷಗಟ್ಟಲೆ ಉಳಿಸುವ ದಾರಿ ತೆರೆಯಿತು. ಆದರೆ 1962ರಲ್ಲಿ ಅಲ್ಲಿ ಶುರುವಾದ ಕೇಂದ್ರದಲ್ಲಿ ಹಾಸಿಗೆಗಳು ಬೆರಳೆಣಿಕೆಯಷ್ಟು. ಮೊದಲು ವೈದ್ಯರು ಜರಡಿ ಹಿಡಿಯುತ್ತಿದ್ದರು. 45 ದಾಟಿದವರನ್ನೂ ಮಕ್ಕಳನ್ನೂ ಅಲ್ಲೇ ಕೈಬಿಡುತ್ತಿದ್ದರು. ಉಳಿದವರನ್ನು ಏಳು ಜನರ ಸಮಿತಿ ಆರಿಸುತ್ತಿತ್ತು: ವಕೀಲ, ಪಾದ್ರಿ, ಬ್ಯಾಂಕರ್, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ಮುಖಂಡ, ಶಸ್ತ್ರವೈದ್ಯ. ಇವರ ಹೆಸರು ಗುಟ್ಟಾಗಿರುತ್ತಿತ್ತು. ಇವರ ಮುಂದೆ ಬರುತ್ತಿದ್ದ ವಿಷಯಗಳು ರೋಗಿಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು, ಆಸ್ತಿ ಎಷ್ಟು, ಓದೆಷ್ಟು, ಚರ್ಚಿಗೆ ಹೋಗುತ್ತಾರೆಯೇ.

ಆ ಏಳು ಜನ ಕೆಟ್ಟವರೇನಲ್ಲ, ಸಂಬಳವಿಲ್ಲದೆ ಕೂತು ನೊಂದವರೇ. ಆದರೆ ತಮ್ಮಂತೆ ಬಾಳಿದವರ ಬದುಕೇ ಅವರಿಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. 1962ರಲ್ಲಿ 'ಲೈಫ್' ಪತ್ರಿಕೆ ಇದನ್ನು ಬರೆದಾಗ ಜನ ಬೆಚ್ಚಿಬಿದ್ದರು. ಕೊನೆಗೆ 1972ರಲ್ಲಿ ಅಲ್ಲಿನ ಸರ್ಕಾರ ಡಯಾಲಿಸಿಸ್ ಖರ್ಚನ್ನು ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಿದ ಮೇಲೆ ಅಂಥ ಸಮಿತಿ ಬೇಕಾಗಲಿಲ್ಲ.

ನಮ್ಮಲ್ಲಿ ಯಂತ್ರ ಆರು. ಒಂದು ಹೆಪಟೈಟಿಸ್ ಇರುವವರಿಗೇ ಮೀಸಲು, ಅದನ್ನು ಬೇರೆಯವರಿಗೆ ಹಾಕುವಂತಿಲ್ಲ. ಉಳಿದ ಐದರಲ್ಲಿ ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ ಆರು ದಿನ, ಅಂದರೆ 90 ಸರದಿ. ಒಬ್ಬರಿಗೆ ವಾರಕ್ಕೆ ಮೂರರಂತೆ ಕೊಟ್ಟರೆ 30 ಜನಕ್ಕೆ ಮುಗಿಯಿತು. ಒಂದು ಹಂತದಲ್ಲಿ ಹೊರಗೆ ಎಂಟು ಜನ ಕಾಯುತ್ತಿದ್ದರು.

ಮೊದಲು ಬಂದವರಿಗೆ ಮೊದಲು ಎಂಬುದೇ ಸರಿ ಅಂತ ನಾನೂ ನಂಬಿದ್ದೆ. ಆ ಎಂಟು ಹೆಸರು ನೋಡುತ್ತಾ ಕೂತಾಗ ಅದರ ಊನ ಕಂಡಿತು. ಮೊದಲು ಬಂದವರು ಯಾರು? ಪೇಟೆಯಲ್ಲೇ ಇರುವವರು, ಒಳಗೆ ಪರಿಚಯದವರಿರುವವರು. ಕಾಡಂಚಿನ ಊರಿನ ಅಜ್ಜಿಯೊಬ್ಬರಿಗೆ ಡಾಕ್ಟರು ಡಯಾಲಿಸಿಸ್ ಬರೆದುಕೊಟ್ಟು ಒಂದೂವರೆ ತಿಂಗಳಾಗಿತ್ತು. ಮಗನಿಗೆ ಕೊಯ್ಲು ಮುಗಿಯುವವರೆಗೂ ಅವರನ್ನು ಕರೆತರುವವರು ಇರಲಿಲ್ಲ. ಮುಖ ಊದಿಕೊಂಡು ಬಂದ ಅವರ ಹೆಸರು ನಮ್ಮ ಪಟ್ಟಿಯಲ್ಲಿ ಎಂಟನೆಯದು! ಅವತ್ತಿನಿಂದ ಪಟ್ಟಿಗೆ ನಮ್ಮ ಬಾಗಿಲಿಗೆ ಬಂದ ದಿನವನ್ನಲ್ಲ, ಡಾಕ್ಟರು ಚೀಟಿ ಬರೆದ ದಿನವನ್ನು ಹಾಕುತ್ತೇವೆ. ಪಟ್ಟಿ ಗೋಡೆಯ ಮೇಲಿರುತ್ತದೆ. ಮುಖಂಡರ ಫೋನು ಬಂದರೆ ಅದನ್ನೇ ತೋರಿಸುತ್ತೇವೆ.

ಆಮೇಲೆ ಕಿಡ್ನಿ ಡಾಕ್ಟರು 30 ಜನರ ರಿಪೋರ್ಟೂ ನೋಡಿದರು. ಮೂತ್ರ ಇನ್ನೂ ಸಾಕಷ್ಟು ಹೋಗುತ್ತಿರುವ, ಪೊಟ್ಯಾಸಿಯಂ ಹಿಡಿತದಲ್ಲಿರುವ 12 ಜನರನ್ನು ಮೂರರಿಂದ ಎರಡಕ್ಕೆ ಇಳಿಸಬಹುದು ಎಂದರು. ಒಬ್ಬೊಬ್ಬರನ್ನೂ ಕೂರಿಸಿ ಕೇಳಿದೆವು. ನೀರಿನ ಲೆಕ್ಕ ಬಿಗಿ ಮಾಡಬೇಕು, ಎಳನೀರು ಮುಟ್ಟಬಾರದು, ಉಸಿರು ಕಟ್ಟಿದರೆ ರಾತ್ರಿಯಾದರೂ ಬರಬೇಕು ಅಂತ ಹೇಳಿದೆವು. ಹನ್ನೆರಡೂ ಜನ ಒಪ್ಪಿದರು. ಆ ಹೊತ್ತನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಹೀಗೆ ಬಿಡುವಾದ 12 ಸರದಿಯಲ್ಲಿ ಆರು ಜನಕ್ಕೆ ವಾರಕ್ಕೆ ಎರಡರಂತೆ ಜಾಗವಾಯಿತು. ತೀರಾ ಅರ್ಜೆಂಟ್ ಇದ್ದ ನಾಲ್ವರನ್ನು, ಆ ಅಜ್ಜಿಯೂ ಸೇರಿ, ಮೊದಲು ತೆಗೆದುಕೊಂಡೆವು. ಇನ್ನು ನಾಲ್ವರು, ಜಾಗ ಎರಡು. ವೈದ್ಯಕೀಯವಾಗಿ ನಾಲ್ವರೂ ಒಂದೇ ಸ್ಥಿತಿಯಲ್ಲಿದ್ದರು, ಚೀಟಿ ಬರೆದ ದಿನಗಳಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮನೆಯವರನ್ನೆಲ್ಲ ಕರೆದು ಅವರೆದುರೇ ಹೆಸರು ಬರೆದು ಡಬ್ಬಿಗೆ ಹಾಕಿ ಎತ್ತಿದೆವು.

ನಿಮ್ಮ ಅಜ್ಜ ಮತ್ತು ತಂದೆಯ ವಿಷಯದಲ್ಲೂ ನಾನು ಇದನ್ನೇ ಮಾಡುತ್ತೇನೆ. ಯಾರಿಗೆ ಇವತ್ತೇ ಆಗಬೇಕು, ಯಾರು ನಾಳೆವರೆಗೆ ತಡೆಯಬಲ್ಲರು, ಯಾರಿಗೆ ಇದರಿಂದ ಪ್ರಯೋಜನವಿದೆ ಅಂತ ಮೊದಲು ನೋಡುವುದು, ಅದರಲ್ಲಿ ಸಮವಾದರೆ ಹೆಸರು ಬರೆದು ಚೀಟಿ ಎತ್ತುವುದು. ವಯಸ್ಸಿನಿಂದ ದೇಹ ತಡೆಯದಿದ್ದರೆ ಅದು ವೈದ್ಯರ ಲೆಕ್ಕದಲ್ಲೇ ಬರುತ್ತದೆ, ಬೇರೆ ಗೆರೆ ಬೇಡ. ಮೃತ ದಾನಿಗಳ ಅಂಗಕ್ಕೆ ಹೆಸರು ನೋಂದಾಯಿಸಲು ಇದ್ದ 65ರ ಮಿತಿಯನ್ನು ಕೇಂದ್ರ ಸರ್ಕಾರವೂ 2023ರಲ್ಲಿ ತೆಗೆದುಹಾಕಿತು.

ಚೀಟಿಯಲ್ಲಿ ಬಾರದ ಒಬ್ಬರ ಮಗ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಸರಿ ಅಣ್ಣಾ, ಯಾವ ಊರಿಗೆ ಹೋದ್ರೆ ಸಿಗುತ್ತೆ ಹೇಳಿ" ಅಂದ. ಜಿಲ್ಲಾಸ್ಪತ್ರೆಯ ನಂಬರ್ ಬರೆದುಕೊಟ್ಟೆ. ಅಲ್ಲಿ 23ನೇ ದಿನಕ್ಕೆ ಸರದಿ ಸಿಕ್ಕಿತು. ಅಲ್ಲಿಯವರೆಗೆ ಹಸು ಮಾರಿ ಖಾಸಗಿಯಲ್ಲಿ ಮಾಡಿಸಿದರು.