ಸಂಪಾದಕರ ಉತ್ತರ: ಸೊಸೆಯ ಮೊಬೈಲಿನಲ್ಲಿರುವ ಕನ್ನಡ

ಬಂಗಾರಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಒಡಿಶಾದ ನನ್ನ ಸೊಸೆ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾಳೆ. ದಾರಿಯಲ್ಲಿ ಮೊಬೈಲ್ ಆ್ಯಪ್ ಇಟ್ಟುಕೊಂಡು ಕನ್ನಡ ಕಲಿಯುತ್ತಾಳೆ. ಒಂದು ದಿನವೂ ತಪ್ಪಿಸದೆ 140 ದಿನ ಪಾಠ ಮುಗಿಸಿದ್ದಾಳೆ. ಆದರೂ ಮಾತಾಡಲು ಬಾಯಿ ಬರುತ್ತಿಲ್ಲ. ಮನೆಯಲ್ಲಿ ಇಂಗ್ಲಿಷಿನಲ್ಲೇ ಸುಧಾರಿಸುತ್ತಿದ್ದೇವೆ. ಸರ್ಕಾರ ಒಂದು ಒಳ್ಳೆಯ ಆ್ಯಪ್ ತರಬೇಕೆಂದು ನೀವು ಬರೆಯಬಾರದೇಕೆ?"

ನಿಮ್ಮ ಸೊಸೆಯ ಶ್ರದ್ಧೆಗೆ ಮೊದಲು ನನ್ನ ನಮಸ್ಕಾರ. ಆ್ಯಪ್‌ಗಳಿಂದ ಉಪಯೋಗವಿದೆ ಎಂಬುದನ್ನು ಒಪ್ಪುತ್ತೇನೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಹೇಗೆ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿಯೇ ಪ್ರಕಟಿಸಿದ್ದ. ಇಂದಿನ ಆ್ಯಪ್‌ಗಳು ಆ ತಿಳಿವಳಿಕೆಯನ್ನೇ ಬಳಸಿ, ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಕೇಳುತ್ತವೆ. ಅಕ್ಷರಾಭ್ಯಾಸಕ್ಕೂ ಸಂಕೋಚದ ಸ್ವಭಾವದವರಿಗೂ ಇದು ಒಳ್ಳೆಯ ಆಸರೆ. ಡ್ಯುವೊಲಿಂಗೊ ಸಂಸ್ಥೆ 2018ರಲ್ಲಿ ಕ್ಲಿಂಗನ್ ಎಂಬ ಕಲ್ಪಿತ ಭಾಷೆಗೂ ಪಾಠ ತೆರೆದಾಗ ಅಲ್ಲಿ ಕನ್ನಡ ಕಲಿಸುವ ಪಾಠವಿರಲಿಲ್ಲ. ಅದು ನನಗೂ ನೋವಾದ ಸಂಗತಿಯೇ. ಆದರೆ ನೀವು ಕೇಳುವ ಸರ್ಕಾರಿ ಆ್ಯಪ್ ಆಗಲೇ ಬಂದಿದೆ. ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ತಂದ 'ಭಾಷಾ ಸಂಗಮ'ದಲ್ಲಿ ಕನ್ನಡವೂ ಸೇರಿ 22 ಭಾಷೆಗಳ ದಿನಬಳಕೆಯ ವಾಕ್ಯಗಳಿವೆ. ಕೊರತೆ ಇರುವುದು ಬೇರೆ ಕಡೆ.

ಆ ರೈಲಿನ ಬೋಗಿಯನ್ನು ಒಮ್ಮೆ ನೆನೆಸಿಕೊಳ್ಳಿ. ಹೂವು ಕಟ್ಟುತ್ತಾ, ಡಬ್ಬಿ ಬಿಚ್ಚಿ ಚಿತ್ರಾನ್ನ ಹಂಚಿಕೊಳ್ಳುತ್ತಾ, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವ ಹೆಂಗಸರ ನಡುವೆ ಕುಳಿತು ನಿಮ್ಮ ಸೊಸೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕನ್ನಡ ಕಲಿಯುತ್ತಿದ್ದಾರೆ. 'ನಾನು ಹೋಗುತ್ತೇನೆ' ಎಂದು ಬರೆದರೆ ಆ್ಯಪ್ ಸರಿ ಎನ್ನುತ್ತದೆ. ವ್ಯಾಕರಣದಲ್ಲಿ ತಪ್ಪೂ ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಹೊಸಿಲು ದಾಟುವವರು 'ಬರ್ತೀನಿ' ಎನ್ನುತ್ತಾರೆಯೇ ಹೊರತು 'ಹೋಗ್ತೀನಿ' ಎನ್ನುವುದಿಲ್ಲ. 'ಹಾಗನ್ನಬಾರದಮ್ಮ, ಬರ್ತೀನಿ ಅನ್ನು' ಎಂದು ತಿದ್ದಲು ಮನೆಯಲ್ಲಿ ಒಬ್ಬ ಹಿರಿಯರು ಬೇಕು, ಆ ಹಿರಿಯರು ಕನ್ನಡದಲ್ಲಿ ಮಾತಾಡುತ್ತಿರಬೇಕು.

ನಮ್ಮ ತಂದೆ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಗಿರಾಕಿಗಳಲ್ಲಿ ಹೆಚ್ಚಿನವರು ತಮಿಳು ಮಾತಾಡುವ ಗಣಿ ಕಾರ್ಮಿಕರ ಮನೆಯವರು. ತಮಿಳಿನಲ್ಲಿ ಬೆಲ್ಲಕ್ಕೆ 'ವೆಲ್ಲಂ' ಎನ್ನಬೇಕಾದಲ್ಲಿ ನಮ್ಮ ತಂದೆ ಒಮ್ಮೆ ಒಬ್ಬ ಅಜ್ಜಿಯನ್ನು 'ವೆಳ್ಳಂ ಎಷ್ಟು ಬೇಕಮ್ಮ' ಎಂದು ಕೇಳಿಬಿಟ್ಟರಂತೆ. 'ವೆಳ್ಳಂ' ಎಂದರೆ ಪ್ರವಾಹ. ಆ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತಕ್ಕಡಿಯಲ್ಲಿ ಬೆಲ್ಲದ ಅಚ್ಚು ಇರುವಂತೆಯೇ ಮೂರು ಸಲ ಸರಿಯಾಗಿ ಹೇಳಿಸಿ, ಆಮೇಲೆ ದುಡ್ಡು ಕೊಟ್ಟರು. ನಮ್ಮ ತಂದೆ ಆ ಪದವನ್ನು ಸಾಯುವವರೆಗೂ ತಪ್ಪಲಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಮನೆಗಳ ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತಿದರು. ನಿಮ್ಮ ಸೊಸೆಯ ಪಕ್ಕದಲ್ಲಿ ಕೂರುವವರು ಅವರೇ ಇರಬಹುದು. ಮನೆಮಾತು ತಮಿಳಾಗಿದ್ದ ಮಾಸ್ತಿಯವರು ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದದ್ದು ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆಯಾಡುತ್ತಾ ಬೆಳೆಯುವುದು ನಮ್ಮ ಕೋಲಾರ ಸೀಮೆಗೆ ಹೊಸದಲ್ಲ.

ಆ ಗುಣ ಈಗ ನಮ್ಮ ಕೈಬಿಡುತ್ತಿದೆಯಲ್ಲ, ಅದೇ ನನ್ನ ಸಂಕಟ. ಹೊರಗಿನಿಂದ ಬಂದವರು ಒಂದು ಪದಕ್ಕೆ ತಡವರಿಸಿದ ತಕ್ಷಣ ನಾವು ಉಪಕಾರ ಮಾಡುವವರಂತೆ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಆಮೇಲೆ ಅವರು ಕನ್ನಡ ಕಲಿಯಲಿಲ್ಲ ಎಂದು ದೂರುತ್ತೇವೆ. ಕೋಲಾರದ ಟೊಮೆಟೊ ಮಂಡಿಗೆ ಹೋಗಿ ನೋಡಿ. ಹರಾಜು ಯಾರಿಗೂ ಕಾಯುವುದಿಲ್ಲವಾದ್ದರಿಂದ, ಉತ್ತರದಿಂದ ಬಂದು ಬಾಕ್ಸ್ ಹೊರುವ ಹುಡುಗರು ಕೆಲವೇ ತಿಂಗಳಲ್ಲಿ ಕನ್ನಡ, ತೆಲುಗು ಎರಡರಲ್ಲೂ ಎಣಿಸುತ್ತಾರೆ. ಅವರಿಗೆ ಸಿಕ್ಕಿದ ಭಾಗ್ಯ, ಕನ್ನಡ ಕಲಿಸಿ ನಿವೃತ್ತರಾದ ಅತ್ತೆಯಿರುವ ಸೊಸೆಗೆ ಸಿಗುತ್ತಿಲ್ಲವೆಂದರೆ ನೀವೇ ಯೋಚಿಸಬೇಕು. 'ಇಂಗ್ಲಿಷಿನಲ್ಲೇ ಸುಧಾರಿಸುತ್ತಿದ್ದೇವೆ' ಎಂಬ ನಿಮ್ಮ ಮಾತನ್ನು ನಾನು ಎರಡು ಸಲ ಓದಿದೆ. ಹಿರಿಯರಾದ ನಿಮಗೆ ಇಷ್ಟು ಹೇಳಿದ್ದಕ್ಕೆ ಬೇಸರಿಸಬೇಡಿ.

ಆ್ಯಪ್ ಇರಲಿ, 141ನೆಯ ದಿನದ ಪಾಠವೂ ನಡೆಯಲಿ. ಈ ಭಾನುವಾರ ಮಾತ್ರ ಅವರನ್ನು ತರಕಾರಿ ತರಲು ಜೊತೆಯಲ್ಲಿ ಕರೆದುಕೊಂಡು ಹೋಗಿ. ಚೀಲ ನೀವು ಹಿಡಿದುಕೊಳ್ಳಿ, ದುಡ್ಡು ಅವರ ಕೈಯಲ್ಲಿರಲಿ. ಅವರೇ ಚೌಕಾಸಿ ಮಾಡಲಿ. ಎಷ್ಟೇ ತಡವರಿಸಿದರೂ ನೀವು ನಡುವೆ ಬಾಯಿ ಹಾಕಬೇಡಿ.