ಇಟಲಿಯ ದ್ವೀಪ ಜ್ವಾಲಾಮುಖಿ ಸ್ಟ್ರಾಂಬೋಲಿ ಕಾಲು ಗಂಟೆಗೊಮ್ಮೆ ಸಿಡಿಯುತ್ತಲೇ ಇರುತ್ತದಲ್ಲ, ತುದಿ ಹತ್ತಿದರೆ ಏನು ಅಪಾಯ?

ಆಗಾಗ ಸಿಡಿಯುವುದರಿಂದ ಒಳಗೆ ಒತ್ತಡ ಕೂಡುವುದಿಲ್ಲ, ಆದ್ದರಿಂದ ಒಂದು ಸ್ಫೋಟಕ್ಕೂ ಇನ್ನೊಂದಕ್ಕೂ ನಡುವೆ ಹೋಗಿ ಬರಬಹುದು ಅಂತ ನಿಮ್ಮ ಲೆಕ್ಕ. ನಾನೂ ಹಾಗೇ ಅಂದುಕೊಂಡಿದ್ದವನೇ. ಕುಕ್ಕರ್ ವಿಷಲ್ ಹಾಕುತ್ತಿದ್ದರೆ ಸಿಡಿಯಲ್ಲ ಅನ್ನುವ ತರ್ಕ ಅದು, ಇಲ್ಲಿ ನಡೆಯುವುದಿಲ್ಲ.

ಯಾಕೆಂದರೆ ಒಲೆ ಎರಡಿವೆ. ದಿನನಿತ್ಯದ ಸಿಡಿತ ಬೆಟ್ಟದೊಳಗಿನ ಕೊಳವೆಯ ಮೇಲ್ಭಾಗದ್ದು. ಅಲ್ಲಿ ಅನಿಲ ಕಳೆದುಕೊಂಡು, ಹರಳುಗಟ್ಟಿ ಮಂದವಾದ ಶಿಲಾರಸ ನಿಂತಿರುತ್ತದೆ. ಅದರೊಳಗಿಂದ ದೊಡ್ಡ ಅನಿಲಗುಳ್ಳೆ ಎದ್ದು ಬಂದು ಒಡೆದಾಗ ಕೆಂಡದ ಮುದ್ದೆಗಳು ನೂರಿನ್ನೂರು ಮೀಟರ್ ಹಾರುತ್ತವೆ. ಇನ್ನೊಂದು, 7ರಿಂದ 10 ಕಿ.ಮೀ. ಆಳದ್ದು. ಅನಿಲ ತುಂಬಿದ ತೆಳು ಶಿಲಾರಸ ಅಲ್ಲಿಂದ ಏಕಾಏಕಿ ಮೇಲೆ ನುಗ್ಗುತ್ತದೆ. ಮೇಲಿನದರ ಗಡಿಯಾರ ನೋಡಿ ಕೆಳಗಿನದರ ಬಗ್ಗೆ ಏನೂ ಹೇಳಲಾಗದು. 2019ರ ಜುಲೈ 3ರ ಮಧ್ಯಾಹ್ನ ಬಂದದ್ದು ಇದೇ: ಬೂದಿ ಹಲವು ಕಿ.ಮೀ. ಎತ್ತರಕ್ಕೆ ಹೋಯಿತು, ಇಳಿಜಾರಿಗೆ ಬೆಂಕಿ ಬಿತ್ತು, ಚಾರಣಿಗರೊಬ್ಬರು ಸತ್ತರು. ಆಗಸ್ಟ್ 28ಕ್ಕೆ ಮತ್ತೆ ಆಯಿತು.

ಇಂಥ ಸ್ಫೋಟಕ್ಕೆ ಮುಂಚೆ ನೆಲ ಉಬ್ಬುವುದನ್ನು ಉಪಕರಣಗಳು ಹಿಡಿಯುತ್ತವೆ, ನಿಜ. ಸಿಗುವುದು ಹತ್ತು ನಿಮಿಷದ ಆಸುಪಾಸು. ಹಳೆಯ ವೀಕ್ಷಣಾ ಜಾಗ ಪಿಟ್ಸೊ ಇರುವುದು 918 ಮೀಟರ್ ಎತ್ತರದಲ್ಲಿ, ಬಾಯಿಗಳು ಅದರ ಕೆಳಗೇ. ಅಲ್ಲಿಂದ ಊರಿಗೆ ಇಳಿಯಲು ಗಂಟೆಗಟ್ಟಲೆ ಬೇಕು. ಅದಕ್ಕೇ ಆಮೇಲೆ ತುದಿ ಮುಚ್ಚಿದರು. 290 ಮೀಟರ್‌ವರೆಗೆ ನೀವೇ ಹೋಗಬಹುದು, 400ರವರೆಗೆ ಗೈಡ್ ಜೊತೆ ಅಂತ ನಿಯಮ ಬಂತು. ಜ್ವಾಲಾಮುಖಿಯ ವರಸೆ ನೋಡಿ ಅದನ್ನೂ ಬಿಗಿ ಮಾಡುತ್ತಾರೆ, ಆವತ್ತಿನ ಆದೇಶ ವಿಚಾರಿಸಿಯೇ ಹೊರಡಿ. 'ಮೇಲೆ ಕರೆದುಕೊಂಡು ಹೋಗ್ತೀನಿ' ಅನ್ನುವವನ ಹಿಂದೆ ಹೋಗಬೇಡಿ.

400 ಮೀಟರ್ ಏನು ಕಡಿಮೆಯಲ್ಲ. ಕತ್ತಲಾಗುವ ಹೊತ್ತಿಗೆ ಅಲ್ಲಿರಿ. ಹಗಲಲ್ಲಿ ಬರೀ ಹೊಗೆ. ಹೆಲ್ಮೆಟ್, ಹೆಡ್‌ಲ್ಯಾಂಪ್, ಹಿಡಿತವಿರುವ ಬೂಟು ಬೇಕು. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಬೂದಿ ಅದರ ಅಡಿಗೆ ಸೇರಿ ಕಣ್ಣು ಕೆರೆಯುತ್ತದೆ. ನನ್ನನ್ನು ಕೇಳಿದರೆ ದೋಣಿಯೇ ಮೇಲು: ಕೆಂಡಗಳು ಉರುಳುವ ಶಾರಾ ದೆಲ್ ಫುವೋಕೊ ಇಳಿಜಾರು ಪೂರ್ತಿ ಕಾಣುವುದು ಸಮುದ್ರದಿಂದ.

ಒಂದು ಮಾತು ಯಾರೂ ಹೇಳುವುದಿಲ್ಲ. 2002ರ ಡಿಸೆಂಬರ್ 30ರಂದು ಅದೇ ಇಳಿಜಾರು ಕುಸಿದು ಸುನಾಮಿ ಎದ್ದಿತು, ಊರಿಗೆ ನಿಮಿಷಗಳಲ್ಲಿ ತಲುಪಿತು. ಚಳಿಗಾಲ, ದಡ ಖಾಲಿಯಿತ್ತು. ನೀವು ಹೋಗುವುದು ಬೇಸಿಗೆಯಲ್ಲಿ. ಈಗ ಸೈರನ್ ಇವೆ. ಕೂಗಿದರೆ ಬ್ಯಾಗು, ಚಪ್ಪಲಿ ಅಲ್ಲೇ ಬಿಟ್ಟು ಊರಿನ ಎತ್ತರದ ಬೀದಿಗಳ ಕಡೆ ಓಡಿ.