ಕರಿಯರ್ ಕೌನ್ಸೆಲರ್‌ಗೆ ಮುಂದೆ ಕೆಲಸ ಇರುತ್ತಾ?

ಪ್ರಶ್ನೆ: ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಮುಂದೆ ಕರಿಯರ್ ಕೌನ್ಸೆಲಿಂಗ್ ಮಾಡುವ ಆಸೆ. ಆದರೆ ಈಗ ಮೊಬೈಲಿನಲ್ಲೇ ಟೆಸ್ಟ್ ಮುಗಿಸಿ ಎಐಯನ್ನು ಕೇಳಿದರೆ ಯಾವ ಕೆಲಸ ಹೊಂದುತ್ತದೆ ಅಂತ ತಕ್ಷಣ ಹೇಳಿಬಿಡುತ್ತದೆ. ಇನ್ನು ನಮ್ಮ ಹತ್ತಿರ ಯಾರು ಬರುತ್ತಾರೆ ಮೇಡಂ?

ಉತ್ತರ: ಬರುತ್ತಾರೆ. ಟೆಸ್ಟ್ ಕೊಟ್ಟು, ಅಂಕ ಕೂಡಿಸಿ, ರಿಪೋರ್ಟ್ ಕೈಗಿಡುವುದಷ್ಟೇ ಕೆಲಸ ಅಂದುಕೊಂಡಿದ್ದರೆ ಮಾತ್ರ ಕಷ್ಟ. ಆ ಭಾಗ ಹೋದಂತೆಯೇ, ಹೋಗಲಿ ಬಿಡಿ.

1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಬಾಸ್ಟನ್‌ನಲ್ಲಿ ವೊಕೇಶನ್ ಬ್ಯೂರೋ ಅನ್ನುವ ಉದ್ಯೋಗ ಮಾರ್ಗದರ್ಶನ ಕೇಂದ್ರ ಶುರು ಮಾಡಿದಾಗ ಅವರ ಸೂತ್ರ ಸರಳವಾಗಿತ್ತು: ನಿಮ್ಮನ್ನು ತಿಳಿಯಿರಿ, ಕೆಲಸಗಳನ್ನು ತಿಳಿಯಿರಿ, ಎರಡನ್ನೂ ಹೊಂದಿಸಿ. 1959ರಲ್ಲಿ ಮನಃಶಾಸ್ತ್ರಜ್ಞ ಜಾನ್ ಹಾಲಂಡ್ ಮುಂದಿಟ್ಟ ಸಿದ್ಧಾಂತದಿಂದ ಜನರಿಗೂ ಕೆಲಸಗಳಿಗೂ ಆರು ಬಗೆ ಅನ್ನುವ ಲೆಕ್ಕ ಬಂತು. ನೀವು ಮೊಬೈಲಿನಲ್ಲಿ ನೋಡುವ ಎಷ್ಟೋ ಟೆಸ್ಟ್‌ಗಳ ಬೇರು ಅಲ್ಲೇ ಇದೆ. ಇಂಥ ಹೊಂದಾಣಿಕೆ ಯಂತ್ರಕ್ಕೆ ಸುಲಭ.

ಆಮೇಲಿನದು ಕಷ್ಟ. ಒಬ್ಬ ಹುಡುಗಿಯ ರಿಪೋರ್ಟಿನಲ್ಲಿ ಆ ಆರು ಬಗೆಗಳಲ್ಲೊಂದಾದ 'ಸೋಶಿಯಲ್', ಅಂದರೆ ಜನರಿಗೆ ನೆರವಾಗುವ ಬಗೆ, ಜಾಸ್ತಿ ಬಂತು ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಟೀಚರ್, ನರ್ಸ್. ಅವಳು ಸುಮ್ನೆ ತಲೆಯಾಡಿಸುತ್ತಾಳೆ. ಆಗ ಕರಿಯರ್ ಕೌನ್ಸೆಲಿಂಗ್ ತಜ್ಞ ಮಾರ್ಕ್ ಸವಿಕಾಸ್ ಕೇಳುವ ಪ್ರಶ್ನೆ ಕೇಳಿ: ಚಿಕ್ಕವಳಿದ್ದಾಗ ನಿನಗೆ ಯಾರನ್ನು ಕಂಡರೆ ತುಂಬಾ ಮೆಚ್ಚುಗೆ? "ನಮ್ಮ ಅತ್ತೆ. ಯಾರ ಜಗಳ ಆದರೂ ಎರಡೂ ಕಡೆಯವರನ್ನು ಕೂರಿಸಿ ಬಗೆಹರಿಸುತ್ತಿದ್ದರು" ಅನ್ನುತ್ತಾಳೆ, ದನಿಯೇ ಬದಲಾಗುತ್ತದೆ. ಈಗ ಮಾತು ಕಾನೂನಿನ ಕಡೆಗೆ, ಸಂಧಾನದ ಕಡೆಗೆ ಹೋಗಬಹುದು. ಈ ಪ್ರಶ್ನೆಯನ್ನು ಎಐ ಕೂಡ ಕೇಳಬಹುದು, ನಿಜ. ಆದರೆ ಉತ್ತರ ಹೇಳುವಾಗ ಅವಳು ಪಕ್ಕದಲ್ಲಿ ಕೂತ ಅಪ್ಪನ ಮುಖ ನೋಡಿದಳಲ್ಲ, ಅದನ್ನು ಗಮನಿಸಿ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಾತು ಮುಂದುವರಿಸಬೇಕಾದವರು ನೀವು.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಮನಃಶಾಸ್ತ್ರಜ್ಞ ಸ್ಟ್ರಾಂಗ್ ಅವರ ಹೆಸರಾಂತ ಆಸಕ್ತಿ ಪರೀಕ್ಷೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಫಾರಂ ಇತ್ತು, ಅವು ಒಂದಾಗಿದ್ದು 1974ರಲ್ಲಿ. ಹಳೆಯ ದಾಖಲೆಗಳಿಂದ ಕಲಿತ ಎಐ ಅದೇ ತಾರತಮ್ಯವನ್ನು ಯಾರಿಗೂ ಕಾಣದ ಹಾಗೆ ಮತ್ತೆ ಒಳಗೆ ತರಬಹುದು. ಅದನ್ನು ಹಿಡಿಯುವವರು ಬೇಕಲ್ವಾ? ಹಾಗಾಗಿ ಸಂಖ್ಯಾಶಾಸ್ತ್ರದ ಪೇಪರ್ ಬೇಜಾರು ಅಂತ ಬಿಡಬೇಡಿ. ಟೆಸ್ಟನ್ನು ಯಾರ ಮೇಲೆ ಪ್ರಯೋಗಿಸಿ ರೂಪಿಸಿದ್ದಾರೆ ಅಂತ ನೋಡುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಮತ್ತೆ, ಬರುವವರು ವಿದ್ಯಾರ್ಥಿಗಳೇ ಆಗಿರಬೇಕಿಲ್ಲ. ನಲವತ್ತು ದಾಟಿದ ಮೇಲೆ ಕೆಲಸ ಹೋಗಿ, ಕಲಿತದ್ದೆಲ್ಲ ದಂಡ ಅನ್ನಿಸಿ ಬರುವವರು ಇನ್ನು ಮುಂದೆ ಜಾಸ್ತಿಯಾಗುತ್ತಾರೆ ಅಂತ ನನಗನ್ನಿಸುತ್ತದೆ. ಇಂಟರ್ನ್‌ಶಿಪ್ ಸಿಗುವಲ್ಲಿ ಅಂಥವರ ಜೊತೆ ಕೆಲಸ ಮಾಡುವ ಅವಕಾಶ ಕೇಳಿ ಪಡೆಯಿರಿ.